ಉಸುಕಿನ ಹಲಗೆಯಿಂದ ಕೈಫೋನಿನವರೆಗೆ: ಎಳೆಯರ ಗುರುಗಳ ತರಬೇತಿ ಮತ್ತು ಪರೀಕ್ಷೆ



ದ್ರಾಕ್ಷಿಯ ಸುಗ್ಗಿಯ ದಿನಗಳಲ್ಲಿ ನಾವು ವಿಜಯಪುರದಿಂದ ತಿಕೋಟಾ ಸೀಮೆಯ ಒಂದು ಹಳ್ಳಿಗೆ ಭಕ್ತರ ಕರೆಯ ಮೇರೆಗೆ ಹೋಗಿದ್ದೆವು. ಊರ ಹೆಂಗಸರೆಲ್ಲ ಗೊನೆ ಕಡಿಯಲು, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಹಣ್ಣು ಹರವಲು ತೋಟಗಳಿಗೆ ಹೋದ ಹೊತ್ತು. ಕೂಸುಗಳೆಲ್ಲ ಅಂಗನವಾಡಿಯಲ್ಲಿದ್ದವು. ಅಲ್ಲಿಯ ಅಕ್ಕೋರು ಒಂದು ಬಗಲಲ್ಲಿ ಅಳುವ ಕೂಸನ್ನೆತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಸಿಗ್ನಲ್ಲು ಸಿಗುವ ಹೊಸ್ತಿಲ ಬಳಿ ನಿಂತಿದ್ದರು. ಮಕ್ಕಳ ಹಾಜರಿಯೂ ತೂಕವೂ ಆ ಫೋನಿನೊಳಗೆ ಹೋಗಬೇಕು. ಹೋಗದಿದ್ದರೆ ಆ ದಿನದ ದುಡಿಮೆ ಲೆಕ್ಕಕ್ಕಿಲ್ಲ. ಕ್ಷೇಮಸಮಾಚಾರ ಕೇಳಿದಾಗ ಆ ತಾಯಿ ಆಡಿದ ಮಾತು ನಮ್ಮ ಮನಸ್ಸಿನಿಂದ ಇನ್ನೂ ಅಗಲಿಲ್ಲ: "ಅಜ್ಜಾರ, ಈ ಫೋನಿನ್ಯಾಗ ನಾ ದಿನಾ ಪಾಸ್ ಆಗ್ತೀನ್ರಿ. ಆದ್ರ ಈ ಹುಡುಗ್ರಿಗೆ ನಾ ಕಲಿಸೂದು ಬರೋಬರಿ ಐತೋ ಇಲ್ಲೋ ಅಂತ ಇಪ್ಪತ್ತು ವರ್ಷದಾಗ ಯಾರೂ ಒಂದ್ ತಾಸ್ ಕುಂತು ನೋಡಿಲ್ರಿ."

ಕಲಿಸುವವರನ್ನು ಯಾರು ಪರೀಕ್ಷಿಸಬೇಕು? ಆ ಪರೀಕ್ಷೆಯು ಸರಿಯಾಗಿ ನಡೆಯಿತೆಂದು ನೋಡುವವರಾರು? ಅವರ ಕೈಗೆ ಕೊಟ್ಟ ಸಾಧನವು ಕಲಿಸಲು ನೆರವಾಯಿತೋ, ಬರೀ ಲೆಕ್ಕ ಒಪ್ಪಿಸುವುದಕ್ಕಾಯಿತೋ? ಇವೆಲ್ಲ ಇಂದಿನ ಪ್ರಶ್ನೆಗಳೆಂದು ತೋರಿದರೂ ನಮ್ಮ ನಾಡಿನಲ್ಲಿ ಇವಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸವನ್ನು ತಿಳಿದವರ ಮುಂದೆ ಆ ಅಕ್ಕೋರ ಮಾತನ್ನು ಇಟ್ಟು ನೋಡಬೇಕೆಂಬುದೇ ಈ ಬರಹದ ಉದ್ದೇಶ.

ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಶಾಲೆಗೆ 'ಮಠ'ವೆಂದೇ ಹೆಸರು. ಕೂಲಿಮಠ, ಗಾವಠಿ ಸಾಲಿ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಗುಡಿಯ ಪೌಳಿಯಲ್ಲೋ, ಗೌಡರ ಪಡಸಾಲೆಯಲ್ಲೋ ಅಯ್ಯನವರು ಕುಳಿತುಕೊಳ್ಳುವರು; ಮಕ್ಕಳ ಮುಂದೆ ಉಸುಕು ಹರವಿದ ಹಲಗೆ. ಅಯ್ಯನವರು ಬೆರಳಿನಿಂದ ಅಕ್ಷರ ಬರೆಯುವರು, ಕೂಸು ಅದರ ಮೇಲೆ ಬೆರಳಾಡಿಸಿ ತಿದ್ದುವುದು. ಕನ್ನಡದ ಈ 'ತಿದ್ದು' ಎಂಬ ಧಾತುವನ್ನು ವಾಚಕರು ಸ್ವಲ್ಪ ಗಮನಿಸಬೇಕು. ಬರೆದುದರ ಮೇಲೆ ಮತ್ತೆ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಕಲಿಯುವ ಕ್ರಿಯೆಗೂ ಪರೀಕ್ಷಿಸುವ ಕ್ರಿಯೆಗೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ತಪ್ಪಿದ ಅಕ್ಷರ ಅಂಗೈಯಾಡಿಸಿದರೆ ಅಳಿಯುತ್ತಿತ್ತು. ಅದಕ್ಕೆ ದಾಖಲೆಯಿಲ್ಲ, ಶಿಕ್ಷೆಗೆ ಮಾತ್ರ ಕಡಿಮೆಯಿರಲಿಲ್ಲ.

ಆ ಅಯ್ಯನವರಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಊರೇ ಅವರ ಪರೀಕ್ಷಕ. ಹುಡುಗನು ಬಂದ ಓಲೆಯನ್ನು ಓದಿ ಹೇಳಿದರೆ, ಮಗ್ಗಿ ಒಪ್ಪಿಸಿದರೆ, ಸಾಲದ ಬಡ್ಡಿಯ ಲೆಕ್ಕ ಬಿಡಿಸಿದರೆ, ಶ್ರಾವಣದಲ್ಲಿ ಪುರಾಣ ಓದಿದರೆ ಸುಗ್ಗಿಯಲ್ಲಿ ಅಯ್ಯನವರ ಪಾಲಿನ ಜೋಳ ಮನೆಗೆ ಬರುತ್ತಿತ್ತು. ಈ ವ್ಯವಸ್ಥೆಯನ್ನು ಹೊಗಳಿ ಮರುಳಾಗುವವರು ಇಂದಿಗೂ ಉಂಟು. ಆದರೆ ಊರು ಪರೀಕ್ಷಕನಾದಾಗ ಊರಿನ ದೋಷಗಳೂ ಪರೀಕ್ಷೆಯೊಳಗೆ ಬರುತ್ತವೆ. ಹೆಣ್ಣುಮಕ್ಕಳಿಗೆ ಆ ಪೌಳಿಯಲ್ಲಿ ಸ್ಥಳವಿರಲಿಲ್ಲ. ಅಸ್ಪೃಶ್ಯರೆಂದು ಹೊರಗಿಟ್ಟವರ ಮಕ್ಕಳಿಗಂತೂ ಉಸುಕು ಮುಟ್ಟುವ ಭಾಗ್ಯವೂ ಇಲ್ಲ. ಅಯ್ಯನವರ ಪರಂಪರೆಯಲ್ಲಿಯೇ ಬಂದ ನಾವು ಇದನ್ನು ಮುಚ್ಚಿಡಲಾರೆವು.

ಈ ಉಸುಕಿನ ಹಲಗೆಯ ಇನ್ನೊಂದು ಸಂಗತಿಯುಂಟು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ ಆ್ಯಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀ ಶಾಲೆಯ ಮಕ್ಕಳು ಉಸುಕಿನಲ್ಲಿ ಬೆರಳಿನಿಂದ ಬರೆಯುವುದನ್ನು ಕಂಡನು. ತನ್ನ ಉಪಾಧ್ಯಾಯರು ಅದಕ್ಕೆ ಒಪ್ಪದಿದ್ದಾಗ, ಬಲ್ಲ ಹುಡುಗರಿಂದಲೇ ಬಾರದ ಹುಡುಗರಿಗೆ ಕಲಿಸತೊಡಗಿದನು. 1797ರಲ್ಲಿ ಲಂಡನ್ನಿನಲ್ಲಿ ಅವನ ವರದಿ ಅಚ್ಚಾಯಿತು. ಲ್ಯಾಂಕಾಸ್ಟರನೆಂಬ ಇನ್ನೊಬ್ಬನು ತನ್ನ ಶಾಲೆಯಲ್ಲಿ ಅತಿ ಚಿಕ್ಕ ಮಕ್ಕಳಿಗೆ ಉಸುಕಿನ ಮೇಜುಗಳನ್ನೇ ಮಾಡಿಸಿದನು. ಹೀಗೆ ದಕ್ಷಿಣ ಭಾರತದ ಉಸುಕು ಇಂಗ್ಲೆಂಡಿನ ಬಡಮಕ್ಕಳ ಬೆರಳಿನಡಿಗೆ ಹೋಯಿತು. ಉಸುಕು ಹೋಯಿತು, ಆದರೆ ಅದರೊಡನೆ ಅಗ್ಗದ ಶಿಕ್ಷಣವೆಂಬ ಮೋಹವೂ ಹೋಯಿತು. ಒಬ್ಬ ಗುರು ನೂರಾರು ಮಕ್ಕಳಿಗೆ ಸಾಕು, ಉಳಿದುದನ್ನು ಮಕ್ಕಳೇ ನೋಡಿಕೊಳ್ಳುವರು ಎಂದು ಖಜಾನೆಯವರು ಸಂತೋಷಪಟ್ಟರು. ಹೊಸ ಸಾಧನ ಬಂದಾಗಲೆಲ್ಲ ಗುರುವಿನ ಖರ್ಚು ಕಡಿಮೆಯಾಗುವುದೆಂಬ ಈ ಆಸೆಯನ್ನು ನಾವು ಮುಂದೆಯೂ ಕಾಣಲಿದ್ದೇವೆ.

1854ರ ವುಡ್ ಸಾಹೇಬನ ಶಿಕ್ಷಣ ನಿರೂಪದಿಂದ ಸರಕಾರಿ ಶಿಕ್ಷಣ ಖಾತೆಗಳು, ಅನುದಾನ, ತಪಾಸಣೆ, ಶಿಕ್ಷಕರ ತರಬೇತಿ ಎಂಬ ನಾಲ್ಕೂ ಒಟ್ಟಿಗೆ ಬಂದವು. ನಮ್ಮ ಭಾಗವು ಆಗ ಮುಂಬಯಿ ಇಲಾಖೆಯಲ್ಲಿತ್ತು. ಜಿಲ್ಲೆಯ ಹೆಸರು ಕಲಾದಗಿ, ಅದರ ಮುಖ್ಯಸ್ಥಳವು ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಶಾಲಾಮಾಸ್ತರರು ಸಿದ್ಧರಾಗುತ್ತಿದ್ದುದು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ. ಅದೇ ಮುಂದೆ ಟ್ರೇನಿಂಗ್ ಕಾಲೇಜಾಯಿತು. 1860ರ ದಶಕದಲ್ಲಿ ಅದನ್ನು ಕಟ್ಟಿ ನಿಲ್ಲಿಸಿದವರು ಡೆಪ್ಯುಟಿ ಚನ್ನಬಸಪ್ಪನವರು. ಕನ್ನಡದ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತು ಕಲಿಯುತ್ತಿದ್ದ ಕಾಲದಲ್ಲಿ ಕನ್ನಡದ ಮಾಸ್ತರರನ್ನು ತಯಾರಿಸಿ, ಕನ್ನಡ ಶಾಲೆ ತೆರೆಸಿ, ತಾವೇ ತಿರುಗಾಡಿ ತಪಾಸಿಸಿದವರು ಅವರು. 1865ರಲ್ಲಿ ಧಾರವಾಡದಿಂದ ಹೊರಟ 'ಮಠಪತ್ರಿಕೆ'ಯು ಮಾಸ್ತರರಿಗಾಗಿಯೇ ಹುಟ್ಟಿದ ಮಾಸಿಕ. ಅದೇ 'ಶಾಲಾಪತ್ರಿಕೆ'ಯಾಗಿ, ಬಳಿಕ 'ಜೀವನ ಶಿಕ್ಷಣ'ವಾಗಿ ಬೆಳೆಯಿತು. ದೂರದ ಹಳ್ಳಿಯ ಮಾಸ್ತರನಿಗೆ ತಿಂಗಳಿಗೊಮ್ಮೆ ಬರುವ ಅಚ್ಚಿನ ಹಾಳೆಯೇ ಮುಂದುವರಿದ ತರಬೇತಿಯಾಗಿತ್ತು. ಇಂದಿನವರು ದೂರಶಿಕ್ಷಣ ತಮ್ಮ ಕಾಲದ್ದೆಂದು ಹೇಳಿಕೊಂಡರೆ ಚನ್ನಬಸಪ್ಪನವರ ಕಾಲದವರು ನಕ್ಕಾರು.

ತಪಾಸಣೆಯು ಆಮೇಲೆ ಏನಾಯಿತೆಂಬುದು ಬೇರೆಯೇ ಕತೆ. ಇಂಗ್ಲೆಂಡಿನಲ್ಲಿ 1862ರಲ್ಲಿ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ನಿಯಮ ಬಂದಿತು. ಇನ್‌ಸ್ಪೆಕ್ಟರನು ಬಂದು ಒಂದೊಂದು ಮಗುವಿನ ಓದು, ಬರಹ, ಲೆಕ್ಕ ಪರೀಕ್ಷಿಸಬೇಕು. ಎಷ್ಟು ಮಕ್ಕಳು ಉತ್ತೀರ್ಣರೋ ಅಷ್ಟು ಅನುದಾನ. ಮಾತು ಕೇಳಲಿಕ್ಕೆ ಎಷ್ಟು ನ್ಯಾಯವಾಗಿದೆ! ಪರಿಣಾಮವಾಗಿ ಮಕ್ಕಳು ಪುಸ್ತಕವನ್ನೇ ಬಾಯಿಪಾಠ ಮಾಡಿದರು. ಸ್ವತಃ ಇನ್‌ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು ಈ ಪದ್ಧತಿಯು ಶಾಲೆಯ ಜೀವವನ್ನೇ ಯಾಂತ್ರಿಕವಾಗಿಸಿತೆಂದು ವರ್ಷವರ್ಷವೂ ವರದಿಯಲ್ಲಿ ಬರೆದನು. ಮುಂಬಯಿ ಇಲಾಖೆಯಲ್ಲೂ ಅನುದಾನಿತ ಶಾಲೆಗಳಿಗೆ ಇದೇ ತತ್ತ್ವವನ್ನು ಅನ್ವಯಿಸಲಾಯಿತು. 1882ರ ಹಂಟರ್ ಆಯೋಗವು ಪ್ರಾಥಮಿಕ ಶಾಲೆಗಳ ಮಟ್ಟಿಗೆ ಅದನ್ನು ಎತ್ತಿಹಿಡಿಯಿತು. 1904ರಲ್ಲಿ ಕರ್ಜನ್ ಸರಕಾರದ ಶಿಕ್ಷಣ ಠರಾವು ಅದನ್ನು ಕೈಬಿಡಬೇಕೆಂದಿತು. ನಾಲ್ಕು ದಶಕ ನಡೆದು, ಕೆಡಿಸಬೇಕಾದಷ್ಟು ಕೆಡಿಸಿ, ಅದು ಹೋಯಿತು.

ಹೋಯಿತೆಂದು ಹೇಳಿದೆವು, ಅದರ ನೆರಳು ನಮ್ಮ ಬಾಲ್ಯದವರೆಗೂ ಇತ್ತು. ನಮ್ಮ ಪೂರ್ವಾಶ್ರಮದ ಹಿರಿಯರೊಬ್ಬರು ಮುಲ್ಕಿ ಪರೀಕ್ಷೆ ಪಾಸಾಗಿ ಹದಿವಯಸ್ಸಿನಲ್ಲಿಯೇ ಮಾಸ್ತರಿಕೆಗೆ ಸೇರಿದವರು. ದೀಪೋಟಿ ಸಾಹೇಬರು ಬರುವ ಹಿಂದಿನ ದಿನ ಶಾಲೆಗೆ ಸುಣ್ಣ ಬಳಿದು, ಬುದ್ಧಿವಂತ ಹುಡುಗರನ್ನು ಮುಂದಿನ ಸಾಲಿಗೆ ತಂದು, ಮಂದಬುದ್ಧಿಯವರೆಂದು ಕರೆಯಿಸಿಕೊಂಡವರಿಗೆ 'ನಾಳೆ ಹೊಲಕ್ಕ ಹೋಗ್ರಿ' ಎಂದು ಹೇಳುತ್ತಿದ್ದುದನ್ನು ಅವರು ಮುಪ್ಪಿನಲ್ಲಿ ನಗುತ್ತ ಹೇಳುತ್ತಿದ್ದರು. ಒಮ್ಮೆ ಮಾತ್ರ ನಗಲಿಲ್ಲ. ಹಾಗೆ ಹೊಲಕ್ಕೆ ಕಳಿಸಿದ ಹುಡುಗನೊಬ್ಬ ಮತ್ತೆಂದೂ ಶಾಲೆಗೆ ಬರಲೇ ಇಲ್ಲವಂತೆ.

ಇದೆಲ್ಲ ಆರು ವರ್ಷ ದಾಟಿದ ಮಕ್ಕಳ ವಿಷಯ. ಆರರ ಒಳಗಿನವರನ್ನು ಶಿಕ್ಷಣವು ಕಣ್ಣೆತ್ತಿಯೂ ನೋಡಿರಲಿಲ್ಲ. ವಿಜಾಪುರದಲ್ಲಿ 1910ರಲ್ಲಿ ಫ. ಗು. ಹಳಕಟ್ಟಿಯವರು ಲಿಂಗಾಯತ ವಿದ್ಯಾವರ್ಧಕ ಕಾರ್ಯಕ್ಕೆ ಜಿಲ್ಲಾ ಸಂಸ್ಥೆಯನ್ನು ಕಟ್ಟಿದರು. ಅದು ಹೈಸ್ಕೂಲು, ಕಾಲೇಜುಗಳಾಗಿ, 1980ರಲ್ಲಿ ಇಂಜಿನಿಯರಿಂಗ್ ಕಾಲೇಜಾಗಿ, ವೈದ್ಯಕೀಯ ಶಿಕ್ಷಣವಾಗಿ ಬೆಳೆದುದನ್ನು ವಾಚಕರು ಬಲ್ಲರು. ನಾಡಿನ ಮಠಗಳೆಲ್ಲ ಇದೇ ದಾರಿಯಲ್ಲಿ ನಡೆದವು: ಪ್ರಸಾದನಿಲಯ, ಹೈಸ್ಕೂಲು, ಕಾಲೇಜು. ಅದು ಆ ಕಾಲದ ಹಸಿವು; ಅದನ್ನು ತಣಿಸಿದುದು ದೊಡ್ಡ ಕಾರ್ಯ. ಆದರೂ ಒಂದು ಮಾತು ಹೇಳಲೇಬೇಕು. ಮೇಲಿನ ಮೆಟ್ಟಿಲುಗಳನ್ನು ಕಲ್ಲಿನಿಂದ ಕಟ್ಟಿದ ನಾವು ಕೆಳಗಿನ ಮೊದಲ ಮೆಟ್ಟಿಲನ್ನು ಮಣ್ಣಿನಲ್ಲಿಯೇ ಬಿಟ್ಟೆವು. ಡಾಕ್ಟರರನ್ನು ತಯಾರಿಸಲು ಐದಾರು ವರ್ಷ ಬೇಕೆಂದು ಒಪ್ಪಿದ ಸಮಾಜವು ಮೂರು ವರ್ಷದ ಕೂಸನ್ನು ನೋಡಿಕೊಳ್ಳುವವಳಿಗೆ ತಾಯ್ತನದ ಅನುಭವವಿದ್ದರೆ ಸಾಕೆಂದು ಭಾವಿಸಿತು.

ಆ ಭಾವನೆಯನ್ನು ಮೊದಲು ಅಲುಗಿಸಿದವರು ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ. 1907ರ ಜನವರಿಯಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಆಕೆ ತೆರೆದ ಮಕ್ಕಳ ಮನೆಯಲ್ಲಿ ಸಾಧನಗಳೇ ಗುರುವಿನ ಅರ್ಧ ಕೆಲಸ ಮಾಡುತ್ತಿದ್ದವು. ಕಟ್ಟಿಗೆಯ ಒಂದು ದಿಮ್ಮಿಯಲ್ಲಿ ಹತ್ತು ತೂತು, ಹತ್ತು ಅಳತೆಯ ಗುಂಡುಗಳು. ಒಂದನ್ನು ತಪ್ಪು ತೂತಿನಲ್ಲಿಟ್ಟರೆ ಕೊನೆಗೆ ಒಂದು ಗುಂಡು ಉಳಿದುಬಿಡುತ್ತದೆ. ಯಾರೂ ಬೈಯಬೇಕಾಗಿಲ್ಲ, ಅಂಕ ಕೊಡಬೇಕಾಗಿಲ್ಲ. ತಪ್ಪನ್ನು ವಸ್ತುವೇ ಮಗುವಿಗೆ ತೋರಿಸುತ್ತದೆ. ಆಕೆಯ ಅಕ್ಷರಗಳು ಉಸುಕುಕಾಗದದಿಂದ ಕತ್ತರಿಸಿದವು. ಮಗು ಕಣ್ಣು ಮುಚ್ಚಿ ಬೆರಳಾಡಿಸಿ ಕಲಿಯುತ್ತದೆ. ಅಯ್ಯನವರ ಹಲಗೆಯ ಉಸುಕೇ ಬೇರೊಂದು ರೂಪದಲ್ಲಿ ಮತ್ತೆ ಬಂದಂತೆ ನಮಗೆ ತೋರುತ್ತದೆ. ತಿದ್ದು ಎಂಬ ಮಾತಿನ ಎರಡೂ ಅರ್ಥಗಳು ಅಲ್ಲಿ ಕೂಡಿವೆ.

ಮಾಂಟೆಸ್ಸರಿಯವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಹಾಯುದ್ಧದ ಕಾರಣ ಇಟಲಿಯವರೆಂದು ಅವರನ್ನು ಇಲ್ಲಿಯೇ ತಡೆದಿಡಲಾಯಿತು. ಕೊಡೈಕನಾಲಿನಲ್ಲಿಯೂ ಕೆಲಕಾಲ ಇದ್ದರು. ತಮ್ಮ ಹೆಸರಿನ ಡಿಪ್ಲೊಮಾ ಯಾರಿಗೆ ಸಲ್ಲಬೇಕೆಂಬುದನ್ನು ಅವರು ಬಹಳ ಬಿಗಿಯಾಗಿ ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದರು. 1929ರಲ್ಲಿ ಅದಕ್ಕಾಗಿಯೇ ಒಂದು ಅಂತರರಾಷ್ಟ್ರೀಯ ಸಂಘವೂ ಆಯಿತು. ಹೊರಗಿನವರು ಇದನ್ನು ಅಹಂಕಾರವೆಂದರು. ನಮಗೆ ಹಾಗೆ ತೋರುವುದಿಲ್ಲ. ತಾನು ಕಲಿಸದವರು ತನ್ನ ಹೆಸರಿನಲ್ಲಿ ಕಲಿಸಬಾರದೆಂಬ ಎಚ್ಚರವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇಂದು ಯಾವ ಊರಿನ ಬೀದಿಯಲ್ಲಾದರೂ 'ಮಾಂಟೆಸ್ಸರಿ' ಎಂದು ಬರೆದ ಹಲಗೆಗಳೇ ಸಾಕ್ಷಿ. ಆದರೆ ಆ ಬಿಗಿಗೂ ಒಂದು ಬೆಲೆಯಿತ್ತು. ಆ ನುಣುಪಾದ ಕಟ್ಟಿಗೆಯ ಸಾಧನಗಳೂ ಆ ಡಿಪ್ಲೊಮಾವೂ ಪಟ್ಟಣದ ಉಳ್ಳವರ ಮನೆಯ ಮಕ್ಕಳಿಗೇ ಹೆಚ್ಚು ಒದಗಿದವು.

ಇಲ್ಲಿಯೇ ಗುಜರಾತಿನ ಗಿಜುಭಾಯಿ ಬಧೇಕಾ ಮತ್ತು ಮಹಾರಾಷ್ಟ್ರದ ತಾರಾಬಾಯಿ ಮೋಡಕರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ವಕೀಲಿ ಬಿಟ್ಟು ಬಂದ ಗಿಜುಭಾಯಿಯವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿಯವರು ಅವರ ಜೊತೆಗೂಡಿದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಸ್ಥಾಪಿತವಾಯಿತು. 1945ರಲ್ಲಿ ತಾರಾಬಾಯಿಯವರು ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲ ತಡಿಯ ಹಳ್ಳಿಗೆ ಹೋದರು. ಅನುತಾಯಿ ವಾಘ್ ಅವರೊಡನೆ ನಿಂತರು. ಮುಂದೆ 1957ರಲ್ಲಿ ಆ ಕೆಲಸ ಕೋಸಬಾಡದ ಆದಿವಾಸಿಗಳ ಗುಡ್ಡಕ್ಕೆ ಸಾಗಿತು. ಅಲ್ಲಿ ಇಟಲಿಯ ಗುಂಡುಗಳನ್ನು ಕೊಳ್ಳುವ ಹಣವೆಲ್ಲಿ? ಕಡಲ ಚಿಪ್ಪು, ಹುಣಸೆಬೀಜ, ಎಲೆ, ಬೆಣಚುಕಲ್ಲು, ಬಿದಿರಿನ ತುಂಡುಗಳೇ ಸಾಧನಗಳಾದವು. ಮುರಿದರೆ ಹಿತ್ತಿಲಿನಿಂದ ಮತ್ತೊಂದು ತರಬಹುದು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯೇ ಅವರ ಕೇರಿಯ ಅಂಗಳಕ್ಕೆ ಹೋಯಿತು. ಅಂಗಳದಲ್ಲಿ ನಡೆವ ಈ ಶಾಲೆಗೆ ಅವರು ಇಟ್ಟ ಹೆಸರೇ ಅಂಗನವಾಡಿ. ಇಂದು ಸರಕಾರದ ಕಡತಗಳಲ್ಲಿ ಕಟ್ಟಡದ ಹೆಸರಾಗಿ ಉಳಿದ ಈ ಮಾತು ಮೂಲದಲ್ಲಿ ಒಂದು ನಡೆಯ ಹೆಸರು: ಮಗುವಿನ ಕಡೆಗೆ ಗುರು ನಡೆದುಹೋಗುವ ನಡೆ. 1956ರವರೆಗೆ ವಿಜಾಪುರವೂ ಬೋರ್ಡಿಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಆ ಗಾಳಿ ಇತ್ತ ಬೀಸಲು ತಡವೇಕಾಯಿತೆಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಸ್ವಾತಂತ್ರ್ಯಾನಂತರ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದು ಹಳ್ಳಿಗಳಲ್ಲಿ ಬಾಲವಾಡಿಗಳು ತೆರೆದವು. 1961-62ರಿಂದ ಭಾರತೀಯ ಶಿಶುಕಲ್ಯಾಣ ಪರಿಷತ್ತು ಬಾಲಸೇವಿಕೆಯರ ತರಬೇತಿ ಆರಂಭಿಸಿತು. ಅದರ ಅವಧಿ ಹನ್ನೊಂದು ತಿಂಗಳು. ವಾಚಕರು ಈ ಹನ್ನೊಂದು ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಮೊದಲಾದ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಆರಂಭದ ವರ್ಷಗಳಲ್ಲಿ ಕಾರ್ಯಕರ್ತೆಯರಿಗೆ ಮೂರು ನಾಲ್ಕು ತಿಂಗಳ ತರಬೇತಿಯಿತ್ತು. ಯೋಜನೆ ಹಬ್ಬಿದಂತೆ ಅದು ಕುಗ್ಗಿತು. 1999ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ 'ಉದಿಶಾ' ಎಂಬ ಹೆಸರಿನಲ್ಲಿ ತರಬೇತಿಗೆ ಹೊಸ ಹುರುಪು ಬಂದಿತಾದರೂ, ಬರಬರುತ್ತ ಕೆಲಸದ ತರಬೇತಿ 26 ದಿನಗಳಿಗೆ ಇಳಿಯಿತು. 2023ರ ಮೇ ತಿಂಗಳಲ್ಲಿ 'ಪೋಷಣ್ ಭೀ ಪಢಾಯೀ ಭೀ' ಎಂಬ ಕೇಂದ್ರದ ಕಾರ್ಯಕ್ರಮವು ಕಾರ್ಯಕರ್ತೆಯರಿಗೆ ಶಿಶುಶಿಕ್ಷಣದ ವಿಶೇಷ ಪಾಠ ಹೇಳಲು ಹೊರಟಿತು. ಸಂತೋಷ. ಅದರ ಅವಧಿ ಮೂರು ದಿನ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನಿಡೋಣ. 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ, 1956ರಲ್ಲಿ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ ಆದವು. ಐ.ಟಿ.ಐ.ಯಲ್ಲಿ ಕಲಿತ ಹುಡುಗ ಕೊನೆಗೆ ಪರೀಕ್ಷಕನ ಕಣ್ಣೆದುರು ಕಬ್ಬಿಣವನ್ನು ಅರದಿಂದ ಉಜ್ಜಿ ಒಂದು 'ಜಾಬ್' ಮಾಡಿ ತೋರಿಸಬೇಕು. ಪರೀಕ್ಷಕನು ಅಳತೆಗೋಲು ಹಚ್ಚಿ ನೋಡುತ್ತಾನೆ. ಕೂದಲೆಳೆಯಷ್ಟು ಹೆಚ್ಚಾದರೂ ಅಂಕ ಹೋಗುತ್ತದೆ. ಕಬ್ಬಿಣದ ತುಂಡಿಗೆ ಸಂದ ಈ ಮರ್ಯಾದೆ ಕೂಸಿಗೆ ಸಲ್ಲಲಿಲ್ಲವೆಂದರೆ ವಾಚಕರು ನಮ್ಮನ್ನು ಕಟುವಾದಿ ಎನ್ನಬಾರದು. ಕಬ್ಬಿಣದ ತಪ್ಪು ಅಂದೇ ಕಾಣುತ್ತದೆ, ಕೂಸಿನ ವಿಷಯದಲ್ಲಿ ಆದ ತಪ್ಪು ಹದಿನೈದು ವರ್ಷಗಳ ಮೇಲೆ ಕಾಣುತ್ತದೆ. ಆಗ ಅದರ ಹೊಣೆ ಯಾರದೆಂದು ಹೇಳಲು ಬರುವುದಿಲ್ಲ. ಅಸಡ್ಡೆಗೆ ಇದಕ್ಕಿಂತ ಸುರಕ್ಷಿತ ಸ್ಥಳ ಬೇರೆಯಿಲ್ಲ.

ಪರೀಕ್ಷೆಯ ಪರೀಕ್ಷೆ ಎಂಬುದು ಹೊರದೇಶಗಳಲ್ಲಿ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಇಂಗ್ಲೆಂಡಿನಲ್ಲಿ 1986ರಲ್ಲಿ ವೃತ್ತಿ ಅರ್ಹತೆಗಳ ರಾಷ್ಟ್ರೀಯ ಮಂಡಳಿ ಆದ ಮೇಲೆ, ಶಿಶುಪಾಲನೆಯ ಕೆಲಸದವರನ್ನೂ ಅವರು ದುಡಿಯುವ ಸ್ಥಳದಲ್ಲಿಯೇ ನೋಡಿ ಅಳೆಯುವ ಪದ್ಧತಿ ಬಂದಿತು. ಅಲ್ಲಿ ಮೂವರಿದ್ದರು. ಒಬ್ಬರು ಹತ್ತಿರ ಕುಳಿತು ನೋಡುವವರು. ಎರಡನೆಯವರು ಅದೇ ಸಂಸ್ಥೆಯೊಳಗೆ ಆ ನೋಡಿದ್ದು ಸರಿಯೇ, ಇಬ್ಬರು ಪರೀಕ್ಷಕರು ಒಂದೇ ಕೆಲಸಕ್ಕೆ ಒಂದೇ ತೀರ್ಪು ಕೊಡುತ್ತಾರೆಯೇ ಎಂದು ಅಲ್ಲಲ್ಲಿ ಆಯ್ದು ಪರಿಶೀಲಿಸುವವರು. ಮೂರನೆಯವರು ಹೊರಗಿನಿಂದ ಬಂದು ಈ ಇಬ್ಬರನ್ನೂ ನೋಡುವವರು. ಕಾಗದದ ಹೊರೆ ವಿಪರೀತವಾಯಿತೆಂಬ ದೂರು ಅಲ್ಲಿಯೂ ಬಂದಿತು. ನಮ್ಮಲ್ಲಿ 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, 2018ರಲ್ಲಿ ವೃತ್ತಿ ಶಿಕ್ಷಣ ಮತ್ತು ತರಬೇತಿಯ ರಾಷ್ಟ್ರೀಯ ಮಂಡಳಿ ಬಂದವು. ಪ್ರಮಾಣಪತ್ರ ಕೊಡುವವರನ್ನೂ ಪರೀಕ್ಷೆ ಮಾಡುವವರನ್ನೂ ಮಾನ್ಯ ಮಾಡುವ ಅಧಿಕಾರ ಆ ಮಂಡಳಿಯದು. ಕಾಗದದ ಮೇಲೆ ವ್ಯವಸ್ಥೆ ಪೂರ್ಣವಾಗಿದೆ.

ಇನ್ನು ಕೈಫೋನಿನ ಮಾತು. 2018ರ ಮಾರ್ಚ್ 8ರಂದು ಪೋಷಣ ಅಭಿಯಾನ ಆರಂಭವಾಗಿ ಕಾರ್ಯಕರ್ತೆಯರಿಗೆ ಫೋನು ಬಂದಿತು. 2021ರಿಂದ 'ಪೋಷಣ್ ಟ್ರ್ಯಾಕರ್' ಬಂದಿತು. ಅದನ್ನು ನಾವು ಹಳಿಯುವುದಿಲ್ಲ. ಹನ್ನೊಂದು ದಫ್ತರ ಬರೆಯುತ್ತಿದ್ದ ಕೈಗೆ ಅದು ನೆರವಾಗಬೇಕೆಂಬ ಉದ್ದೇಶ ಒಳ್ಳೆಯದು. ಎತ್ತರ, ತೂಕ ಹಾಕಿದರೆ ಯಾವ ಕೂಸು ಕುಂಠಿತವಾಗಿದೆಯೆಂದು ಕೂಡಲೇ ತೋರಿಸುತ್ತದೆ. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಮಾಂಟೆಸ್ಸರಿಯವರ ಗುಂಡಿನ ದಿಮ್ಮಿ ಮಗುವಿನ ತಪ್ಪನ್ನು ಮಗುವಿಗೆ ತೋರಿಸುತ್ತಿತ್ತು. ಈ ಫೋನು ಅಕ್ಕೋರ ತಪ್ಪನ್ನು ಮೇಲಿನವರಿಗೆ ತೋರಿಸುತ್ತದೆ. ಎಷ್ಟು ಕೂಸುಗಳು ಬಂದವು, ಎಷ್ಟನ್ನು ತೂಗಿದರು ಎಂಬುದು ಅದಕ್ಕೆ ಗೊತ್ತು. ಕತೆ ಹೇಳುವಾಗ ಮೂಲೆಯಲ್ಲಿ ಮುದುಡಿ ಕುಳಿತ ಕೂಸು ಅಂದು ಮೊದಲ ಬಾರಿ ಬಾಯಿ ಬಿಟ್ಟಿತೆಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಾಗದ್ದನ್ನು ಮಾಡದಿದ್ದರೂ ನಡೆಯುತ್ತದೆಂಬ ಪಾಠವನ್ನು ದೀಪೋಟಿ ಸಾಹೇಬರ ಕಾಲದ ಮಾಸ್ತರರು ಕಲಿತಂತೆ ಇಂದಿನವರೂ ಕಲಿತರೆ ತಪ್ಪು ಅವರದೊಂದೇ ಅಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇದಕ್ಕೊಂದು ದಾರಿ ಹೇಳಿತು. ಪಿಯುಸಿ ಮತ್ತು ಮೇಲ್ಪಟ್ಟು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ, ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಪಾಠವು ಟಿ.ವಿ. ವಾಹಿನಿ ಮತ್ತು ಫೋನಿನ ಮೂಲಕ. ತಿಂಗಳಿಗೊಮ್ಮೆಯಾದರೂ ಶಿಕ್ಷಣ ಖಾತೆಯ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ಎದುರು ಕುಳಿತು ಕಲಿಕೆ ಮತ್ತು ನಿರಂತರ ಮೌಲ್ಯಮಾಪನ. ಈ ನೀತಿಯ ಬಗ್ಗೆ ರಾಜ್ಯ ರಾಜ್ಯಗಳಲ್ಲಿ ಭಿನ್ನಾಭಿಪ್ರಾಯವಿದೆ, ನಮ್ಮ ರಾಜ್ಯವು ತನ್ನದೇ ಆಯೋಗವನ್ನೂ ನೇಮಿಸಿತು. ಆ ವಾದಕ್ಕೆ ಇದು ಸ್ಥಳವಲ್ಲ. ಮುಖ್ಯವಾದುದು ಆ ತಿಂಗಳಿಗೊಮ್ಮೆ ಎಂಬ ಮಾತು. ಫೋನು ಬಹುಬೇಗ ಬಂದಿತು, ಎದುರು ಕುಳಿತುಕೊಳ್ಳುವವರು ಬಂದಿಲ್ಲ. 2024ರಲ್ಲಿ 'ಆಧಾರಶಿಲಾ' ಎಂಬ ಮೂರರಿಂದ ಆರರ ಪಠ್ಯಕ್ರಮವೂ 'ನವಚೇತನ' ಎಂಬ ಮೂರರೊಳಗಿನವರ ಮಾರ್ಗಸೂಚಿಯೂ ಪ್ರಕಟವಾದವು. ಓದಿ ನೋಡಿದ್ದೇವೆ, ಒಳ್ಳೆಯ ಗ್ರಂಥಗಳು. ಅವನ್ನು ಮೂರು ದಿನಗಳಲ್ಲಿ ಕಲಿಸಬಲ್ಲವರು ಯಾರೋ ತಿಳಿಯದು.

ಪ್ರಮಾಣಪತ್ರ ಪಡೆದ ಮೇಲಾದರೂ ಅವರು ಯಾರಾಗುತ್ತಾರೆ? ಇಷ್ಟು ವರ್ಷಗಳೂ ಅವರು 'ಗೌರವ ಕಾರ್ಯಕರ್ತೆ'ಯರು. ಸಿಗುವುದು ಸಂಬಳವಲ್ಲ, ಗೌರವಧನ. 2022ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ತೀರ್ಪು ಕೊಡಬೇಕಾಯಿತು. ಕಾಯಕವೆಂಬ ದೊಡ್ಡ ಮಾತನ್ನು ದಿನಕ್ಕೆ ಹತ್ತು ಸಲ ಆಡುವ ನಮ್ಮಂಥವರು, ಕಾಯಕಕ್ಕೆ ತಕ್ಕ ಕೂಲಿಯ ಮಾತು ಬಂದಾಗ ಸುಮ್ಮನಾಗುವುದು ಶೋಭೆಯಲ್ಲ.

ಹೊರಗಿನವರನ್ನು ಹೇಳಿ ನಮ್ಮದನ್ನು ಬಚ್ಚಿಡಬಾರದು. ನಮ್ಮ ಮಠದ ಆಶ್ರಯದಲ್ಲಿಯೂ ಒಂದು ಶಿಶುವಿಹಾರವಿದೆ. ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರು ಕೊಟ್ಟ ಕಾಣಿಕೆಯಿಂದ ನಾವೇ ಮುಂದೆ ನಿಂತು ಗೋಡೆಯಗಲದ ಟಿ.ವಿ. ಹಾಕಿಸಿದೆವು. ಉದ್ಘಾಟನೆಗೆ ಭಾಷಣವನ್ನೂ ಮಾಡಿದೆವು. ಅಲ್ಲಿ ಕಲಿಸುತ್ತಿದ್ದ ಇಬ್ಬರು ಹುಡುಗಿಯರಿಗೆ ತರಬೇತಿಯಿತ್ತೇ ಎಂದು ನಾವು ಕೇಳಿರಲಿಲ್ಲ. ಒಂದು ದಿನ ಅನಿರೀಕ್ಷಿತವಾಗಿ ಹೋದಾಗ ಮೂವತ್ತು ಕೂಸುಗಳು ಬಾಯಿ ತೆರೆದು ಚಿತ್ರ ನೋಡುತ್ತಿದ್ದವು, ಹುಡುಗಿಯರು ಹೊರಗೆ ಕುಳಿತು ಹಾಜರಿ ಬರೆಯುತ್ತಿದ್ದರು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆಯ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನು ನಾವು ಆಮೇಲೆ ಓದಿದೆವು. ಟಿ.ವಿ. ಈಗ ದೊಡ್ಡವರ ಸಭಾಭವನದಲ್ಲಿದೆ. ಅದಕ್ಕೆ ಕೊಟ್ಟ ಹಣದ ಕಾಲು ಭಾಗದಲ್ಲಿ ಆ ಇಬ್ಬರನ್ನೂ ಒಂದು ವರ್ಷ ತರಬೇತಿಗೆ ಕಳಿಸಬಹುದಿತ್ತೆಂಬ ಲೆಕ್ಕ ನಮಗೆ ತಡವಾಗಿ ತಿಳಿಯಿತು. ಅವರಲ್ಲೊಬ್ಬಳನ್ನು ಕಳಿಸಿದ್ದೇವೆ, ಇನ್ನೊಬ್ಬಳು ಅಷ್ಟರಲ್ಲಿ ಲಗ್ನವಾಗಿ ಹೋದಳು.

ದಾರಿ ಇಲ್ಲವೇ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದು ಕಟ್ಟಿದ ನಲಿಕಲಿ ಪದ್ಧತಿಯಲ್ಲಿ ಮಗುವು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಕಲಿಕೆಯ ಏಣಿ ನೋಡಿ ತಾನೇ ತಿಳಿಯುತ್ತದೆ. ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ತಾಯಿಯೂ ಅದನ್ನು ನೋಡಬಹುದು. ಅದನ್ನು ಹುಟ್ಟಿಸಿದವರು ಶಿಕ್ಷಕರೇ. ಮೇಲಿನಿಂದ ಇಳಿದ ಆಜ್ಞೆ ಅದಲ್ಲ. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿದಾಗ ಅದರ ಜೀವ ಎಷ್ಟು ಉಳಿಯಿತೆಂಬುದು ಶಾಲೆಯಿಂದ ಶಾಲೆಗೆ ಬೇರೆ. ಆದರೂ ಆರಂಭದ ಆ ಶಿಕ್ಷಕರು ಒಬ್ಬರ ತರಗತಿಯಲ್ಲಿ ಒಬ್ಬರು ಕುಳಿತು, ನೋಡಿ, ಜಗಳಾಡಿ, ತಿದ್ದಿಕೊಂಡದ್ದು ಸುಳ್ಳಾಗುವುದಿಲ್ಲ.

ತಿಕೋಟಾದ ಆ ಅಕ್ಕೋರ ಮಾತನ್ನು ನಾವು ಬಬಲೇಶ್ವರದ ಕಡೆಯ ಇನ್ನೊಬ್ಬ ಹಿರಿಯ ಕಾರ್ಯಕರ್ತೆಗೆ ಹೇಳಿದೆವು. ಆಕೆ ನಿವೃತ್ತಿಯ ಅಂಚಿನಲ್ಲಿರುವವರು. ಮೂರು ತಿಂಗಳ ತರಬೇತಿಯ ಕಾಲದಲ್ಲಿ ಕಲಿತವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಾರ, ನಾನs ಹೋಗಿ ಕುಂದರ್ತೀನಿ" ಎಂದರು. ಎರಡು ಊರಿನ ನಡುವೆ ಬಸ್ಸು ಬದಲಿಸಬೇಕು. ಆದರೂ ಒಂದು ರಜೆ ಹಾಕಿ ಹೋದರು. ಒಂದು ನೋಟುಬುಕ್ಕು ಒಯ್ದಿದ್ದರು.

ಆ ನೋಟುಬುಕ್ಕನ್ನು ಆಮೇಲೆ ನಮಗೆ ತೋರಿಸಿದರು. ಪುಟದ ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು ಎಂದು ಗೆರೆ ಎಳೆದಿದ್ದರು. ಇದನ್ನು ಯಾವ ಮಂಡಳಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಎಡಕ್ಕೆ ಹೀಗಿತ್ತು: ಹಾಡು ಹೇಳುವಾಗ ಅಕ್ಕೋರು ನಿಂತೇ ಇದ್ದರು, ಕೂಸುಗಳು ಕತ್ತೆತ್ತಿ ನೋಡಿ ದಣಿದವು. ಹುಣಸೆಬೀಜ ಎಣಿಸುವಾಗ ಕುಳಿತರು, ಎಲ್ಲರೂ ಹತ್ತಿರ ಬಂದರು. ಒಬ್ಬ ಹುಡುಗ ಐದು ಎಣಿಸಿ ಆರು ಅಂದ. ಅಕ್ಕೋರು ತಪ್ಪು ಅನ್ನಲಿಲ್ಲ, ಮತ್ತೊಮ್ಮೆ ಎಣಿಸೋಣ ಬಾ ಅಂದರು. ಬಲಕ್ಕೆ ಒಂದೇ ಸಾಲು: ಕುಳಿತು ಹಾಡಲು ಹೇಳಬೇಕು.

ಮುಂದಿನ ತಿಂಗಳು ತಿಕೋಟಾದವರು ಬಬಲೇಶ್ವರಕ್ಕೆ ಬರುವರೆಂದು ಗೊತ್ತುಮಾಡಿಕೊಂಡಿದ್ದಾರೆ. ಹಿರಿಯರ ತಪ್ಪನ್ನೂ ಹೀಗೆಯೇ ಎಡಕ್ಕೆ ಬರೆಯಲು ಕಿರಿಯರಿಗೆ ಧೈರ್ಯವಿರುವುದೇ ಎಂದು ಕೇಳಿದೆವು. "ಬರೀಲಿ ಬಿಡ್ರಿ, ಅದಕ್ಕs ಕರದೀನಿ" ಎಂದು ನಕ್ಕರು. ಬಸ್ಸಿನ ಖರ್ಚನ್ನು ಮಠದಿಂದ ಕೊಡುವುದಾಗಿ ಹೇಳಿದ್ದೇವೆ. ಇನ್ನೂ ನಾಲ್ವರು ಬರುವೆವೆಂದಿದ್ದಾರಂತೆ.